ಕಂಪ್ಯೂಟರ್ ಬರೆಯುವ ಖುಲಾಸಾ
(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಕನ್ನಡದಲ್ಲಿ ಖುಲಾಸೆ ಎಂದರೆ ಕೋರ್ಟಿನಿಂದ ಬಿಡುಗಡೆ. ಉರ್ದುವಿನಲ್ಲಿ ಖುಲಾಸಾ ಎಂದರೆ ಸಾರಾಂಶ. ಪರೀಕ್ಷೆಯಲ್ಲಿ ಸಾರಾಂಶ ಬರೆಯಿರಿ ಎಂದರೆ, ಇದರಿಂದ ಮುಂದೆ ಏನು ಉಪಯೋಗ ಎಂದು ನಿಮ್ಮಲ್ಲಿ ಅನೇಕರು ಕೇಳುತ್ತೀರಿ. ಉರ್ದು ಓದಿ ಏನು ಪ್ರಯೋಜನ ಎಂದು ಪೋಷಕರೂ ಕೇಳುತ್ತಾರೆ. ಎರಡಕ್ಕೂ ಒಂದೇ ಉತ್ತರವಿದೆ.

1995ರಲ್ಲಿ ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರಿಗೆ, ಗಾಯ ಮಾಯಲು ಅರಿಶಿನ ಬಳಸುವ ವಿಧಾನಕ್ಕೆ ಪೇಟೆಂಟ್ ಸಿಕ್ಕಿತು. ಬೆರಳು ಕೊಯ್ದುಕೊಂಡರೆ ನಮ್ಮ ದಾದಿ, ನಾನಿಯರು ಹಚ್ಚುತ್ತಿದ್ದುದೂ ಅದೇ ಅರಿಶಿನ! ನಮ್ಮ ದೇಶದ ಸಿ.ಎಸ್.ಐ.ಆರ್. ಸಂಸ್ಥೆ ಇದನ್ನು ಪ್ರಶ್ನಿಸಿ, ಸಂಸ್ಕೃತ, ಉರ್ದು, ಹಿಂದಿ ಬರಹಗಳೂ ಸೇರಿದಂತೆ 32 ಆಧಾರಗಳನ್ನು ಮುಂದಿಟ್ಟಿತು. 1997ರಲ್ಲಿ ಆ ಪೇಟೆಂಟ್ ರದ್ದಾಯಿತು. ಜ್ಞಾನ ನಮ್ಮಲ್ಲಿತ್ತು, ಆದರೆ ಪರೀಕ್ಷಿಸುವ ಅಧಿಕಾರಿಗೆ ತಿಳಿಯುವ ಭಾಷೆಯಲ್ಲಿ, ಹುಡುಕಿದರೆ ಸಿಗುವ ರೂಪದಲ್ಲಿ ಇರಲಿಲ್ಲ.

ಈ ಕೊರತೆ ನೀಗಲೆಂದೇ 2001ರಲ್ಲಿ ಸಾಂಪ್ರದಾಯಿಕ ಜ್ಞಾನದ ಡಿಜಿಟಲ್ ಗ್ರಂಥಾಲಯ ಆರಂಭವಾಯಿತು. ಆಯುರ್ವೇದ, ಸಿದ್ಧದ ಜೊತೆಗೆ ಅರಬ್ಬಿ, ಪಾರಸಿ, ಉರ್ದು ಭಾಷೆಗಳ ಯುನಾನಿ ಗ್ರಂಥಗಳನ್ನೂ ಬಲ್ಲವರು ಓದಿ, ಪ್ರತಿ ಔಷಧದ ಸಾರವನ್ನು ಗೊತ್ತಾದ ನಮೂನೆಯಲ್ಲಿ ತುಂಬಿದರು. ತಂತ್ರಾಂಶ ಅದನ್ನು ಇಂಗ್ಲಿಷ್, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್, ಜಪಾನಿ ಭಾಷೆಗಳಿಗೆ ತರುತ್ತದೆ. ಇಂದು ಅದರಲ್ಲಿ 4 ಲಕ್ಷಕ್ಕೂ ಹೆಚ್ಚು ಯೋಗಗಳಿವೆ. ಉರ್ದು ಓದಿದವರ ಖುಲಾಸಾ ದೇಶದ ಆಸ್ತಿಯನ್ನು ಕಾಯುತ್ತಿದೆ.

ಈಗ ನಮ್ಮೂರಿಗೆ ಬನ್ನಿ. ನಿಮ್ಮಲ್ಲೊಬ್ಬ ಹುಡುಗ ಅಡಿಕೆ ಸುಲಿಯುವ ಹೊಸ ಯಂತ್ರ ಮಾಡಲು ಹೊರಟ ಎನ್ನಿ. ಅದೇ ಉಪಾಯಕ್ಕೆ ಈ ಮೊದಲೇ ಯಾರಾದರೂ ಪೇಟೆಂಟ್ ಪಡೆದಿದ್ದರೆ ಅವನ ಹಣ, ಶ್ರಮ ಎರಡೂ ನೀರುಪಾಲು. ಪೇಟೆಂಟ್ ಪತ್ರಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಓದಬಹುದು, ನಿಜ; ಆದರೆ ಒಂದೊಂದೂ ಹತ್ತಾರು ಪುಟ, ಬಿಗಿಯಾದ ಕಾನೂನಿನ ಭಾಷೆ. ದೊಡ್ಡ ಕಂಪನಿಗಳ ಸಂಶೋಧನಾ ವಿಭಾಗಗಳಿಗೂ ಇದೇ ತೊಂದರೆ. ಆದ್ದರಿಂದ ಅವು ಸಾರಾಂಶದ ಕೆಲಸವನ್ನು ಕಂಪ್ಯೂಟರಿಗೆ ವಹಿಸುತ್ತವೆ: ಸಮಸ್ಯೆ ಏನು, ಪರಿಹಾರ ಏನು, ಹೊಸತೇನು ಎಂದು ಪ್ರತಿ ಪತ್ರದ ಸಾರ ತೆಗೆಸಿ, ಎಲ್ಲ ಸಂಶೋಧಕರಿಗೂ ಸಿಗುವಂತೆ ಜೋಡಿಸಿಡುತ್ತವೆ.

ಇದು ಹೇಗೆ ನಡೆಯುತ್ತದೆ? 1958ರಲ್ಲಿ ಐ.ಬಿ.ಎಂ. ಕಂಪನಿಯ ಹಾನ್ಸ್ ಪೀಟರ್ ಲೂನ್ ಒಂದು ದಾರಿ ತೋರಿಸಿದರು. ಬರಹದಲ್ಲಿ ಮತ್ತೆ ಮತ್ತೆ ಬರುವ ಮುಖ್ಯ ಪದಗಳನ್ನು ಎಣಿಸಿ, ಅವು ಒತ್ತಾಗಿರುವ ವಾಕ್ಯಗಳನ್ನು ಆರಿಸುವುದು. ಇಂದಿನ ಕೃತಕ ಬುದ್ಧಿಮತ್ತೆ ತನ್ನದೇ ವಾಕ್ಯ ಕಟ್ಟುತ್ತದೆ. 2019ರಲ್ಲಿ ಸಂಶೋಧಕರು ಅದರ ಕಲಿಕೆಗೆಂದೇ 13 ಲಕ್ಷ ಅಮೆರಿಕನ್ ಪೇಟೆಂಟುಗಳನ್ನು, ಮನುಷ್ಯರು ಬರೆದ ಸಾರಾಂಶಗಳ ಸಮೇತ ಒಟ್ಟುಗೂಡಿಸಿದರು.

ಆದರೆ ಒಂದು ಎಚ್ಚರಿಕೆ. ಪೇಟೆಂಟಿನ ಜೀವ ಇರುವುದು ಅದರ ಕೊನೆಯ ಭಾಗದ ಕ್ಲೇಮುಗಳಲ್ಲಿ. ಅವು ಹೊಲದ ಬಾಂದುಕಲ್ಲಿನಂತೆ; ಇಲ್ಲಿಯವರೆಗೆ ನನ್ನದು ಎಂದು ಹೇಳುತ್ತವೆ. ಕ್ಲೇಮಿನಲ್ಲಿ 'ರಬ್ಬರ್ ಹೊದಿಸಿದ ಉರುಳೆ' ಎಂದಿದ್ದು, ಕಂಪ್ಯೂಟರ್ ಬರೀ 'ಉರುಳೆ' ಎಂದು ಬರೆದರೆ ಬಾಂದುಕಲ್ಲೇ ಸರಿದಂತೆ. ತೆರೆದಿದ್ದ ದಾರಿಯನ್ನು ಮುಚ್ಚಿದೆ ಎಂದುಕೊಂಡು ನಮ್ಮ ಹುಡುಗ ಕೈಚೆಲ್ಲಿ ಕೂರುತ್ತಾನೆ. ಯಾವ ಪತ್ರ ಓದಬೇಕೆಂದು ಸಾರಾಂಶ ತಿಳಿಸಲಿ. ತೀರ್ಮಾನಕ್ಕೆ ಮೊದಲು ಕ್ಲೇಮುಗಳನ್ನು ನೀವೇ ಓದಿ.

ಭಾರತದಲ್ಲಿ ಪೇಟೆಂಟಿನ ಅವಧಿ ಅರ್ಜಿ ಹಾಕಿದ ದಿನದಿಂದ 20 ವರ್ಷ. ಅವಧಿ ಮುಗಿದ ಮೇಲೆ ಆ ಉಪಾಯ ಎಲ್ಲರದು. ವಿದ್ಯಾರ್ಥಿಗಳೇ, ಈ ವರ್ಷ ಒಬ್ಬೊಬ್ಬರೂ ಅಡಿಕೆ, ತೆಂಗು ಅಥವಾ ಈರುಳ್ಳಿಗೆ ಸಂಬಂಧಿಸಿದ, ಅವಧಿ ಮುಗಿದ ಒಂದು ಪೇಟೆಂಟ್ ಆರಿಸಿ, ಒಂದು ಪುಟದ ಸಾರಾಂಶವನ್ನು ಕನ್ನಡದಲ್ಲೋ ಉರ್ದುವಿನಲ್ಲೋ ಬರೆಯಿರಿ. ಕಂಪ್ಯೂಟರ್ ಬರೆದುದನ್ನು ಪಕ್ಕದಲ್ಲಿಟ್ಟು, ಅದು ಏನು ಬಿಟ್ಟಿತು, ನೀವು ಏನು ಬಿಟ್ಟಿರಿ ಎಂದು ನೋಡಿ. ಹಿರಿಯರೇ, ಆ ಪುಟಗಳನ್ನು ಸಂಘದ ವಾಚನಾಲಯದಲ್ಲಿ ಇಡಿಸಿ. ನಮ್ಮ ಗ್ಯಾರೇಜು, ತೋಟಗಳಲ್ಲಿ ದುಡಿಯುವವರು ಓದಲಿ.

ಇನ್ ಶಾ ಅಲ್ಲಾಹ್, ಮುಂದೊಂದು ದಿನ ನಮ್ಮ ಮಕ್ಕಳ ಹೆಸರಿನ ಪೇಟೆಂಟಿಗೂ ಯಾರೋ ಸಾರಾಂಶ ಬರೆಯಲಿ.