ತೂಕಕ್ಕೆ ಸಿಕ್ಕದ ಚಿನ್ನ



ಕುಶಲಿಯ ಕೈ ಸೋಕಿದ ಚಿನ್ನಕ್ಕೂ ಬರಿಯ ಗಟ್ಟಿಗೂ ತಕ್ಕಡಿಯು ಭೇದವೆಣಿಸದು. ಇದಕ್ಕೆ ನಿದರ್ಶನವಾಗಿ ರಷ್ಯದ ಅರಮನೆಯ ಚಿನ್ನದ ಮೊಟ್ಟೆಯೊಂದರ ಕಥೆಯನ್ನು ಇಂದು ಹೇಳಬಯಸುತ್ತೇನೆ.

ಈಸ್ಟರ್ ಹಬ್ಬದಲ್ಲಿ ಬಣ್ಣದ ಮೊಟ್ಟೆಗಳನ್ನು ಕಾಣಿಕೆ ಕೊಡುವುದು ರಷ್ಯನರ ವಾಡಿಕೆ. ಚಕ್ರವರ್ತಿ ಮೂರನೆಯ ಅಲೆಕ್ಸಾಂಡರನು 1885ರಲ್ಲಿ ರಾಣಿ ಮಾರಿಯಾ ಫ್ಯೋದೊರೊವ್ನಾಳಿಗಾಗಿ ಅಂಥದೊಂದನ್ನು ಸೇಂಟ್ ಪೀಟರ್ಸ್‌ಬರ್ಗಿನ ಕಾರ್ಲ್ ಫ್ಯಾಬರ್ಜೆಯಿಂದ ಚಿನ್ನದಲ್ಲಿ ಮಾಡಿಸಿದನು. ಅವನ ಮತ್ತು ಅವನ ಮಗನ ಕಾಲದಲ್ಲಿ, 1916ರವರೆಗೆ, ಇಂಥ 50 ಮೊಟ್ಟೆಗಳು ಅರಮನೆಗೆ ಸಂದವು. ಮೂರನೆಯದು 1887ರದು. ಎತ್ತರ ಎಂಟು ಸೆಂಟಿಮೀಟರಿಗೆ ತುಸು ಮಿಗಿಲು. ಸಿಂಹಪಾದಗಳ ಮುಕ್ಕಾಲಿಯ ಮೇಲೆ ನಿಂತ ಅದರ ಮೈಗೆ ನೀಲ, ವಜ್ರಗಳ ಅಲಂಕಾರ. ವಜ್ರದ ಗುಂಡಿಯನ್ನೊತ್ತಿದರೆ ಮುಚ್ಚಳ ತೆರೆದು, ಜಿನೀವಾದ ವಾಶೆರಾನ್ ಕಾನ್‌ಸ್ಟಾಂಟಿನ್ ಮನೆತನದ ಪುಟ್ಟ ಗಡಿಯಾರವು ಗೋಚರಿಸುತ್ತದೆ.

1917ರ ಕ್ರಾಂತಿಯ ತರುವಾಯ ಅರಮನೆಯ ಒಡವೆಗಳು ಸರ್ಕಾರದ ವಶವಾದವು. ಈ ಮೊಟ್ಟೆಯು 1964ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಕಾಣಿಸಿಕೊಂಡಿತು. ಅಲ್ಲಿ ಅದು ಮೊಟ್ಟೆಯಾಕಾರದ ಗಡಿಯಾರ ಮಾತ್ರ, ಬೆಲೆ 2,450 ಡಾಲರು. ಮುಂದೆ ಅಮೆರಿಕದ ಹಳೆಯ ಚಿನ್ನದ ವ್ಯಾಪಾರಿಯೊಬ್ಬನು ಕರಗಿಸಿ ಲಾಭ ಮಾಡುವ ಆಸೆಯಿಂದ ಸುಮಾರು 14,000 ಡಾಲರಿಗೆ ಅದನ್ನು ಕೊಂಡನು. ಆದರೆ ಚಿನ್ನದ ತೂಕಕ್ಕೆ ಅಷ್ಟು ಹಣ ಹುಟ್ಟಲಿಲ್ಲ. ಮೊಟ್ಟೆ ಮನೆಯಲ್ಲೇ ಉಳಿಯಿತು. 2012ರಲ್ಲಿ ಅವನು ಗಡಿಯಾರದ ಮೇಲಿನ ಹೆಸರನ್ನು ಗಣಕಯಂತ್ರದಲ್ಲಿ ಹುಡುಕಲು, ಕಾಣೆಯಾದ ಮೊಟ್ಟೆಯನ್ನು ಕುರಿತ ಪತ್ರಿಕಾಲೇಖನವು ದೊರೆಯಿತು. ಲಂಡನ್ನಿನ ವಾರ್ಟ್‌ಸ್ಕಿ ಸಂಸ್ಥೆಯ ತಜ್ಞರು ಇದು ಅದೇ ಎಂದು ದೃಢಪಡಿಸಿದರು. 2014ರ ಏಪ್ರಿಲಿನಲ್ಲಿ ಜನ ಅದನ್ನು ಲಂಡನ್ನಿನಲ್ಲಿ ಕಣ್ಣಾರೆ ಕಂಡರು. ಪತ್ರಿಕೆಗಳು ಅದರ ಬೆಲೆಯನ್ನು ಎರಡು ಕೋಟಿ ಪೌಂಡೆಂದು ಅಂದಾಜಿಸಿದವು.

ಅದನ್ನು ಉಳಿಸಿದ್ದು ಯಾರ ರಸಜ್ಞತೆಯೂ ಅಲ್ಲ. ವ್ಯಾಪಾರಿಯ ತಪ್ಪು ಲೆಕ್ಕ. ಅವನನ್ನು ನೋಡಿ ನಗಲು ನನಗೆ ಅಧಿಕಾರವಿಲ್ಲ. ನನ್ನ ತಾಯಿಯ ಕೆಂಪುಕಲ್ಲಿನ ರಾಗಟೆಯೊಂದಿತ್ತು. ಮಗಳ ಮದುವೆಗೆ ಹೊಸ ಬಳೆ ಮಾಡಿಸಬೇಕೆಂದು ನಾನೇ ಅದನ್ನು ಅಕ್ಕಸಾಲಿಗನಿಗೆ ಕೊಟ್ಟೆನು. ಅವನು ಕಲ್ಲು ಕಿತ್ತು, ಒಳಗಣ ಅರಗನ್ನು ಕಳೆದು ತೂಗಿದನು. “ಇಷ್ಟು ಹಳೆಯ ಕೆಲಸ, ಇಟ್ಟುಕೊಳ್ಳಿ ಸ್ವಾಮಿ” ಎಂದು ಅವನೇ ಒಮ್ಮೆ ಹೇಳಿದ್ದ. ನಾನು ಕೇಳಲಿಲ್ಲ. ನನ್ನ ಲೆಕ್ಕ ಸರಿಯಾಗಿಯೇ ಇತ್ತು. ರಾಗಟೆ ಮಾತ್ರ ಉಳಿಯಲಿಲ್ಲ.

ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಅಂಥದೇನಾದರೂ ಇದ್ದರೆ, ತೂಗುವ ಮೊದಲು ಒಮ್ಮೆ ಬೆಳಕಿಗೆ ಹಿಡಿದು ನೋಡಿರಿ.