ನಾಯಿಮರಿಯನ್ನು ನೀನು ನೋಡ್ಕೋತೀಯಾ?

ಅಳುವ ಮಗುವಿಗೆ ನಾನೂ 'ಏನೂ ಆಗಿಲ್ಲ, ಸುಮ್ನಿರು' ಅಂತಿದ್ದೆ. ಆದ್ರೆ ಯುದ್ಧ ನೋಡಿದ ಮಗುವಿಗೆ ಹಾಗನ್ನೋಕಾಗುತ್ತಾ? ಸೈರನ್ ನಿಂತ ಮೇಲೂ ಅದು ರಾತ್ರಿ ಬೆಚ್ಚಿಬೀಳುತ್ತೆ, ಅಮ್ಮನನ್ನು ಬಿಟ್ಟು ಕದಲಲ್ಲ.

2006ರ ಲೆಬನಾನ್ ಯುದ್ಧದಲ್ಲಿ ಗಡಿಯ ಎರಡೂ ಕಡೆ ಇಂಥ ಮಕ್ಕಳಿದ್ದರು. ಇಸ್ರೇಲ್‌ನ ಮನಶ್ಶಾಸ್ತ್ರಜ್ಞರು ಅಲ್ಲಿನ ಪುಟ್ಟ ಮಕ್ಕಳ ಕೈಗೆ ಒಂದು ಗೊಂಬೆ ಕೊಟ್ಟರು. ಹೆಸರು ಹಿಬುಕಿ. ಸಪ್ಪೆ ಮುಖದ ನಾಯಿಮರಿ, ತಬ್ಬಿಕೊಳ್ಳೋಕೆ ಉದ್ದನೆಯ ಕೈಗಳು. 'ಇವನು ಮನೆಯಿಂದ ದೂರ ಬಂದಿದ್ದಾನೆ, ಬೇಜಾರಲ್ಲಿದ್ದಾನೆ. ನೀನು ನೋಡ್ಕೋತೀಯಾ?' ಅಂತ ಕೇಳಿದರು.

ಗಮನಿಸಿ, 'ನಿನಗೇನಾಯ್ತು ಹೇಳು' ಅಂತ ಒತ್ತಾಯಿಸಲಿಲ್ಲ. ನಾಯಿಮರಿಗೆ ಯಾಕೆ ಭಯ ಅಂತ ಹೇಳ್ತಾ ಹೇಳ್ತಾ ಮಗು ತನ್ನ ಭಯಾನೇ ಹೇಳಿಕೊಳ್ಳುತ್ತೆ. ಅದಕ್ಕೆ ಹೊದಿಸಿ ಮಲಗಿಸುವಾಗ, 'ನನ್ನಿಂದಲೂ ಏನೋ ಆಗುತ್ತೆ' ಅನ್ನೋ ಧೈರ್ಯ ಬರುತ್ತೆ. ಗೊಂಬೆಯನ್ನು ಹೆಚ್ಚು ಹಚ್ಚಿಕೊಂಡ ಮಕ್ಕಳು ಹೆಚ್ಚು ಚೇತರಿಸಿಕೊಂಡರು ಎಂದು 2008ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. 2011ರ ಸುನಾಮಿ ನಂತರ ಜಪಾನ್‌ಗೆ, ಆಮೇಲೆ ಉಕ್ರೇನ್ ಮಕ್ಕಳ ಬಳಿಗೂ ಹಿಬುಕಿ ಹೋಯ್ತು.

ಗೊಂಬೆಯೊಂದೇ ಸಾಲದು, ನಿಜ. ಸುರಕ್ಷಿತ ಜಾಗ, ದಿನಚರಿ, ಜೊತೆಗಿರುವ ದೊಡ್ಡವರು ಬೇಕೇ ಬೇಕು. ಆದರೆ ನಾನು ಕಲಿತದ್ದಿಷ್ಟು: ಹೆದರಿದ ಮಗುವಿಗೆ 'ಸುಮ್ನಿರು' ಅನ್ನೋದಕ್ಕಿಂತ, ಕಾಪಾಡೋಕೆ ಒಂದು ಪುಟ್ಟ ಜೀವ ಕೊಡೋದು ದೊಡ್ಡದು.