ಮಲ್ಲೇಶ್ವರದ ಬಾಡಿಗೆ ಕೊಠಡಿ



ಬದಲಾಗುತ್ತಿರುವ ಪಟ್ಟಣದಲ್ಲಿ ವಿದ್ಯಾರ್ಥಿಜೀವನವೆಂಬ ವಿಷಯವಾಗಿ ಕೆಲವು ನಿಮಿಷ ಮಾತನಾಡಬೇಕೆಂದು ನಮಗೆ ಅಪ್ಪಣೆಯಾಗಿದೆ. ಪಟ್ಟಣಗಳ ವಿಷಯದಲ್ಲಿ ಸಾಮಾನ್ಯವಾಗಿ ಆಡತಕ್ಕ ಮಾತುಗಳನ್ನು ತಾವು ಬೇಕಾದಷ್ಟು ಕೇಳಿರುವಿರಿ. ಆದುದರಿಂದ ನಾವು ವಾಸವಾಗಿದ್ದ ಒಂದು ಮನೆಯ ಸಂಗತಿಯನ್ನು ಮಾತ್ರ ಹೇಳುತ್ತೇವೆ.

೨೦೦೨ನೆಯ ಇಸವಿಯಲ್ಲಿ ಆಂಗ್ಲ ಸಾಹಿತ್ಯದ ಎಂ.ಎ. ವ್ಯಾಸಂಗಕ್ಕಾಗಿ ನಾವು ಬೆಂಗಳೂರಿಗೆ ಬಂದೆವು. ಕೊಠಡಿ ದೊರೆತುದು ಮಲ್ಲೇಶ್ವರದಲ್ಲಿ. ೧೮೯೮ರ ಪ್ಲೇಗಿನ ತರುವಾಯ, ಇಕ್ಕಟ್ಟಾದ ಪೇಟೆಯ ಜನಕ್ಕೆ ಗಾಳಿ ಬೆಳಕುಗಳು ದೊರೆಯಲೆಂದು ಬಸವನಗುಡಿಯೊಡನೆ ನಿರ್ಮಾಣವಾದ ಬಡಾವಣೆಯಿದು. ನಮ್ಮ ಮನೆಗೆ ಮಂಗಳೂರು ಹೆಂಚು, ಮುಂದೆ ಜಗಲಿ, ಹಿತ್ತಲಲ್ಲಿ ಬಾವಿ, ಬಾವಿಯ ಪಕ್ಕದಲ್ಲೊಂದು ಸಂಪಿಗೆಯ ಮರ. ಮನೆಯೊಡತಿ ವೃದ್ಧ ವಿಧವೆ. ಬ್ಯಾಂಕಿನಿಂದಲೋ ವಿದ್ಯುತ್ ಕಚೇರಿಯಿಂದಲೋ ಇಂಗ್ಲಿಷ್ ಕಾಗದ ಬಂದರೆ ನಮ್ಮ ಕೊಠಡಿಯ ಬಾಗಿಲಿಗೆ ತರುವರು, ನಾವು ಓದಿ ಹೇಳುವೆವು, ಕಾಫಿ ಬರುವುದು. ಎರಡು ವರ್ಷ ಈ ವಿನಿಮಯ ನಡೆಯಿತು.

ಪ್ರತಿನಿತ್ಯ ಮೆಜೆಸ್ಟಿಕ್ಕಿನಲ್ಲಿ ಬಸ್ಸು ಬದಲಿಸಿ ಜ್ಞಾನಭಾರತಿಗೆ ಹೋಗಬೇಕಾಗಿತ್ತು. ಆ ಬಸ್ಸು ನಿಲ್ದಾಣವಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಎಂಬುದು ನಮಗೆ ಬಹುಕಾಲ ತಿಳಿದಿರಲಿಲ್ಲ. ಮಳೆ ಬಂದಾಗ ನೀರು ಅಲ್ಲಿಯೇ ಏಕೆ ನಿಲ್ಲುವುದೆಂದು ಗೊಣಗುತ್ತ, ಕೈಯಲ್ಲಿದ್ದ ಡಿಕನ್ಸನ ಕಾದಂಬರಿಯನ್ನು ನೆನೆಯದಂತೆ ಎದೆಗವಚಿಕೊಂಡು ನಿಲ್ಲುತ್ತಿದ್ದೆವು. ಲಂಡನ್ನಿನ ಓಣಿಗಳು ನಮಗೆ ಕಂಠಪಾಠ. ಕಾಲಕೆಳಗಿನ ಕೆರೆ ಅಪರಿಚಿತ. ನಮ್ಮ ವಿದ್ಯಾಭ್ಯಾಸದ ವಿಷಯದಲ್ಲಿ ಇದಕ್ಕಿಂತ ಹೆಚ್ಚಿಗೆ ಹೇಳಬೇಕಾದುದಿಲ್ಲ.

ಆ ದಿನಗಳಲ್ಲಿ ಪಟ್ಟಣವು ಬೆಳೆಯುತ್ತಿದ್ದ ವೇಗವೋ ಅಸಾಧಾರಣವಾದುದು. ೨೦೦೧ರ ಜನಗಣತಿಯಲ್ಲಿ ಸುಮಾರು ೫೭ ಲಕ್ಷವಿದ್ದ ಜನಸಂಖ್ಯೆ ೨೦೧೧ಕ್ಕೆ ಸುಮಾರು ೮೫ ಲಕ್ಷವಾಯಿತು. ನಮ್ಮೊಡನೆ ಷೇಕ್ಸ್‌ಪಿಯರನ್ನು ಓದಿದ ಗೆಳೆಯರಿಬ್ಬರು ಕಾಲ್‌ಸೆಂಟರು ಸೇರಿ, ರಾತ್ರಿಯೆಲ್ಲ ಅಮೆರಿಕದವರ ಉಚ್ಚಾರಣೆಯಲ್ಲಿ ಮಾತನಾಡಿ, ಬೆಳಗ್ಗೆ ಮಲಗುವರು. ಅವರನ್ನು ಹಾಸ್ಯಮಾಡುತ್ತಿದ್ದೆವು, ಅವರಿಂದಲೇ ಸಾಲವನ್ನೂ ಪಡೆಯುತ್ತಿದ್ದೆವು.

೨೦೦೪ರಲ್ಲಿ, ಕೊನೆಯ ಪರೀಕ್ಷೆಗೆ ಎರಡು ದಿನವಿರುವಾಗ, ಮನೆಯೊಡತಿ ದಪ್ಪನಾದ ಕಾಗದದ ಕಟ್ಟೊಂದನ್ನು ತಂದರು. ಮನೆಯನ್ನು ಕೆಡವಿ ಮಹಡಿಗಳನ್ನು ಕಟ್ಟುವ ಕರಾರುಪತ್ರವದು; ಕಟ್ಟುವವರು ನಿವೇಶನಕ್ಕೆ ಬದಲಾಗಿ ಆಕೆಗೆ ಎರಡು ಮನೆಗಳನ್ನು ಕೊಡತಕ್ಕದ್ದು. “ನೀವು ಓದಿದವರು, ಒಂದು ಸಲ ನೋಡಿಬಿಡಿ” ಎಂದರು. ಮೂವತ್ತು ಪುಟಗಳಿದ್ದವೆಂದು ನೆನಪು. ಮೊದಲ ಐದಾರು ಪುಟಗಳನ್ನು ಓದಿದೆವು; ಉಳಿದುವುಗಳನ್ನು ಮಗುಚಿದೆವು. “ಎಲ್ಲವೂ ಸರಿಯಾಗಿದೆಯಮ್ಮ” ಎಂದೆವು. ಆಕೆ ಮರುದಿನ ಸಹಿ ಮಾಡಿದರು.

ಕಟ್ಟಡ ಮುಗಿಯುವವರೆಗೆ ಆಕೆಯ ಬೇರೆ ವಸತಿಯ ಬಾಡಿಗೆಯನ್ನು ಅವರೇ ಕೊಡುವರೆಂದು ನಾವು ಹೇಳಿದ್ದೆವು. ಹದಿನೆಂಟು ತಿಂಗಳವರೆಗೆ ಮಾತ್ರವೆಂಬುದು ನಾವು ಮಗುಚಿದ ಪುಟಗಳೊಂದರಲ್ಲಿತ್ತು. ಕಟ್ಟಡಕ್ಕೆ ನಾಲ್ಕು ವರ್ಷ ಹಿಡಿಯಿತು. ಉಳಿದ ಕಾಲವನ್ನು ಆಕೆ ನಾದಿನಿಯ ಮನೆಯ ನಡುಕೋಣೆಯಲ್ಲಿ ಕಳೆದರಂತೆ. ಕೊನೆಗೆ ಎರಡು ಮನೆಗಳಲ್ಲೊಂದನ್ನು ಸಾಲಕ್ಕಾಗಿ ಮಾರಬೇಕಾಯಿತು. ಇದೆಲ್ಲವೂ ನಮಗೆ ತಿಳಿದುದು ಬಹಳ ತಡವಾಗಿ. ಅಷ್ಟರಲ್ಲಿ ನಾವು ಬೇರೊಂದು ಊರಿನಲ್ಲಿ ಅಧ್ಯಾಪಕರಾಗಿ, ಕೈಗಾರಿಕಾಯುಗದಲ್ಲಿ ನಗರಗಳ ದುರವಸ್ಥೆಯನ್ನು ಕುರಿತು ಪಾಠ ಹೇಳುತ್ತಿದ್ದೆವು.

೨೦೧೪ರ ಮಾರ್ಚಿಯಲ್ಲಿ ಪೀಣ್ಯದಿಂದ ಸಂಪಿಗೆ ರಸ್ತೆಗೆ ಮೆಟ್ರೋ ರೈಲು ಆರಂಭವಾಯಿತು. ಆ ವರ್ಷದ ಬೇಸಿಗೆ ರಜೆಯಲ್ಲಿ ನಾವು ಯಶವಂತಪುರದಲ್ಲಿ ಅದನ್ನೇರಿ ಆಕೆಯನ್ನು ಕಾಣಲು ಹೋದೆವು. ಮೂರನೆಯ ಮಹಡಿ. ಬಾವಿಯಿದ್ದೆಡೆ ಮೋಟಾರುಗಳು ನಿಂತಿದ್ದವು. ಸಂಪಿಗೆಯ ಹೆಸರು ರೈಲು ನಿಲ್ದಾಣದ ಫಲಕದಲ್ಲಿ ಉಳಿದಿತ್ತು. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆವು. ಆಕೆ ಅವಕಾಶ ಕೊಡಲಿಲ್ಲ. ಗುರುತು ಹಿಡಿದು, ನಕ್ಕು, ಒಳಗೆ ಹೋಗಿ ಇಂಗ್ಲಿಷ್ ಕಾಗದವೊಂದನ್ನು ತಂದು ನಮ್ಮ ಕೈಗಿತ್ತರು. ಕಟ್ಟಡದ ನಿವಾಸಿಗಳ ಸಂಘದಿಂದ ಬಂದ ನೀರಿನ ಲೆಕ್ಕ, ಒಂದೂವರೆ ಪುಟ.

ನಾವು ಕನ್ನಡಕ ಹಾಕಿಕೊಂಡು ಮೊದಲ ಸಾಲಿನಿಂದ ಓದತೊಡಗಿದೆವು. ಒಂದೊಂದು ಮಾತನ್ನೂ ಕನ್ನಡದಲ್ಲಿ ಬಿಡಿಸಿ ಹೇಳಿ ಮುಗಿಸುವ ವೇಳೆಗೆ ಕಾಫಿ ಆರಿಹೋಗಿತ್ತು. ಆಕೆ ಎದ್ದು ಮತ್ತೆ ಬಿಸಿಮಾಡಿ ತಂದರು.